ಒಂದು ರತ್ತಲು ಧಾನ್ಯ, ಒಂದಾಣೆ ಕೂಲಿ

1876ರಲ್ಲಿ ಬಿಜಾಪುರ ಸೀಮೆಗೆ ಮಳೆ ಕೈಕೊಟ್ಟಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಆಗ ಕಲಾದಗಿ ಜಿಲ್ಲೆಗೆ ಸೇರಿದ್ದವು. ಜಿಲ್ಲಾ ಕಚೇರಿ ಬಿಜಾಪುರಕ್ಕೆ ಬಂದದ್ದು 1885ರಲ್ಲಿ. ಡೋಣಿ ಬಯಲಿನ ಎರೆಹೊಲ ಒಮ್ಮೆ ಚೆನ್ನಾಗಿ ಹಸಿ ಹಿಡಿದರೆ ಸಾಕು, ಹಿಂಗಾರಿಯ ಬಿಳಿಜೋಳ ಆ ಹಸಿಯ ಮೇಲೆಯೇ ತೆನೆ ಕಟ್ಟುತ್ತದೆ. ಆ ವರ್ಷ ಹಸಿಯೇ ಇರಲಿಲ್ಲ. ಬರ ಈ ಸೀಮೆಗೆ ಹೊಸದಲ್ಲ. 1791–92ರ ಡೋಗಿ ಬರದಲ್ಲಿ ಹೂಳುವವರಿಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದನ್ನು ಜನ ತಲೆಮಾರುಗಳ ತನಕ ಹೇಳಿಕೊಳ್ಳುತ್ತಿದ್ದರು. ಈ ಸಲವೂ ಕಡಿಮೆ ಸಾವಾಗಲಿಲ್ಲ. 1872 ಮತ್ತು 1881ರ ಜನಗಣತಿಗಳ ನಡುವೆ ಕಲಾದಗಿ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೇ ಒಂದರಷ್ಟು ಕುಗ್ಗಿತು.

ಸರ್ಕಾರ ಬರಗಾಲದ ಕಾಮಗಾರಿ ತೆರೆಯಿತು. ಕಲ್ಲು ಒಡೆಯುವುದು, ಮಣ್ಣು ಹೊರುವುದು, ರಸ್ತೆ ಹಾಕುವುದು. 1877ರ ಆರಂಭದಲ್ಲಿ ವೈಸರಾಯ್ ಲಿಟ್ಟನ್ ಕಳಿಸಿದ ಸರ್ ರಿಚರ್ಡ್ ಟೆಂಪಲ್ ಬಂದು ಖರ್ಚಿಗೆ ಕಡಿವಾಣ ಹಾಕಿದರು. ದಿನವಿಡೀ ದುಡಿದ ಗಂಡಾಳಿಗೆ ಒಂದು ರತ್ತಲು, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಒಂದಾಣೆ. ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಕಡಿಮೆ. ಕೆಲಸದ ಜಾಗವೂ ಊರಿನಿಂದ ದೂರವಿರಬೇಕು. ಕೂಲಿ ಕಡಿಮೆಯಾಗಿ ದಾರಿ ದೂರವಾದರೆ ನಿಜವಾಗಿ ಹಸಿದವನಷ್ಟೇ ಬರುತ್ತಾನೆ, ಸೋಮಾರಿ ಮನೆಯಲ್ಲೇ ಉಳಿಯುತ್ತಾನೆ ಎಂಬುದು ಲೆಕ್ಕ. ಮುಂಬಯಿ ಪ್ರಾಂತದ ಕೂಲಿಕಾರರು ಇದನ್ನು ಪ್ರತಿಭಟಿಸಿ ಕಾಮಗಾರಿ ಬಿಟ್ಟು ನಡೆದರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಸರ್ಕಾರಕ್ಕೆ ಬರೆಯಿತು. ಮದ್ರಾಸಿನ ನೈರ್ಮಲ್ಯ ಆಯುಕ್ತ, ವೈದ್ಯ ವಿಲಿಯಂ ರಾಬರ್ಟ್ ಕಾರ್ನಿಷ್, ಇಷ್ಟು ಕಾಳಿನಲ್ಲಿ ದುಡಿಯುವ ದೇಹ ಉಳಿಯಲಾರದೆಂದು ವಾದಿಸಿದರು. ಅಲ್ಲಿನ ಸರ್ಕಾರ ಕೆಲವೇ ವಾರಗಳಲ್ಲಿ ಕಾಳು ಹೆಚ್ಚಿಸಿ ಬೇಳೆಯನ್ನೂ ಸೇರಿಸಿತು.

ಟೆಂಪಲ್ಲರ ಆದೇಶವನ್ನು ನಾನು ಕ್ರೌರ್ಯವೆಂದೇ ಕರೆಯುತ್ತೇನೆ. ಆದರೆ ಅದರ ಒಳಗೆ ಒಂದು ಮನಃಶಾಸ್ತ್ರವೂ ಇತ್ತು: ಹಸಿವೆಂಬ ಬಾರುಕೋಲು ಇದ್ದರೆ ಮನುಷ್ಯ ದುಡಿಯುತ್ತಾನೆ. ಆ ನಂಬಿಕೆ ಇನ್ನೂ ಸತ್ತಿಲ್ಲ. ಪಡಿತರದ ಅಕ್ಕಿಯ ಮಾತು ಬಂದಾಗ ‘ಹೊಟ್ಟಿ ತುಂಬಿದ್ರ ಯಾರ ದುಡೀತಾರ್ರೀ’ ಎನ್ನುವವರು ಪ್ರತಿ ಊರ ಕಟ್ಟೆಯ ಮೇಲೂ ಇದ್ದಾರೆ. ಆದ್ದರಿಂದ ಹಸಿವು ಮನಸ್ಸಿಗೆ ನಿಜವಾಗಿ ಏನು ಮಾಡುತ್ತದೆ ಎಂದು ನೋಡಬೇಕು.

ಹೊಟ್ಟೆ ಖಾಲಿಯಾದಾಗ ಜಠರ ಗ್ರೆಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಜಪಾನಿನ ಮಸಯಾಸು ಕೊಜಿಮಾ, ಕೆಂಜಿ ಕಂಗಾವಾ ಮತ್ತು ಸಂಗಡಿಗರು ಇದನ್ನು ಗುರುತಿಸಿದ್ದು 1999ರಲ್ಲಿ. ಅದಕ್ಕೂ ಐದು ವರ್ಷ ಮೊದಲು ಅಮೆರಿಕದ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಲೆಪ್ಟಿನ್ ಅನ್ನು ಕಂಡುಹಿಡಿದಿತ್ತು. ಇದನ್ನು ಸ್ರವಿಸುವುದು ಮೈಯ ಕೊಬ್ಬು. ದೇಹದ ದಾಸ್ತಾನು ಎಷ್ಟಿದೆ ಎಂಬ ಸುದ್ದಿಯನ್ನು ಲೆಪ್ಟಿನ್ ಒಯ್ಯುತ್ತದೆ, ಈಗ ಉಣ್ಣಬೇಕು ಎಂಬುದನ್ನು ಗ್ರೆಲಿನ್ ಹೇಳುತ್ತದೆ. ಎರಡನ್ನೂ ಕೇಳಿಸಿಕೊಳ್ಳುವುದು ಮಿದುಳಿನ ತಳದಲ್ಲಿರುವ ಹೈಪೊಥಾಲಮಸ್. ಗ್ರೆಲಿನ್‌ಗೆ ಹೊತ್ತೂ ತಿಳಿಯುತ್ತದೆ. ದಿನಾ ಉಣ್ಣುವ ಸಮಯಕ್ಕೆ ಅದು ತಾನಾಗಿ ಏರುತ್ತದೆ, ಆ ಸಮಯ ದಾಟಿದರೆ ಊಟವಿಲ್ಲದೆಯೂ ಇಳಿಯುತ್ತದೆ. ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳು ಬುತ್ತಿ ಬಿಚ್ಚುವುದು ತಡವಾದರೆ ‘ಹಸಿವಿ ಸತ್ತೇ ಹೋತು’ ಅನ್ನುತ್ತಾರಲ್ಲ, ಅದು ಬರಿಯ ಮಾತಲ್ಲ.

ಇಷ್ಟರ ಮಟ್ಟಿಗೆ ಹಸಿವು ಎಬ್ಬಿಸುತ್ತದೆ, ಓಡಾಡಿಸುತ್ತದೆ. ಇಲಿಗಳ ಹೈಪೊಥಾಲಮಸ್‌ನಲ್ಲಿ ಹಸಿವನ್ನು ಎಚ್ಚರಿಸುವ ನರಕೋಶಗಳಿವೆ. ಆಹಾರ ಬಾಯಿಗೆ ಬೀಳುವ ಮೊದಲೇ, ಅದು ಕಣ್ಣಿಗೆ ಬಿದ್ದ ಕ್ಷಣಕ್ಕೇ ಆ ಕೋಶಗಳು ತಣ್ಣಗಾಗುತ್ತವೆ ಎಂದು 2015ರ ಪ್ರಯೋಗಗಳು ತೋರಿಸಿದವು. ಅಂದರೆ ಅವುಗಳ ಕೆಲಸ ಹುಡುಕಾಟಕ್ಕೆ ಹಚ್ಚುವುದು. ಆ ಹುಡುಕಾಟಕ್ಕೆ ಡೊಪಮಿನ್ ಕೂಡ ಬೇಕು. ಅಮೆರಿಕದ ರಿಚರ್ಡ್ ಪಾಮಿಟರ್ ಅವರ ಪ್ರಯೋಗಾಲಯದಲ್ಲಿ ಡೊಪಮಿನ್ ತಯಾರಿಸಲಾರದ ಇಲಿಗಳನ್ನು ಬೆಳೆಸಿದರು. ಸಿಹಿ ಯಾವುದು, ಸಪ್ಪೆ ಯಾವುದು ಎಂದು ಅವಕ್ಕೆ ಗೊತ್ತಾಗುತ್ತಿತ್ತು. ಆದರೂ ಎದುರಿಗಿದ್ದ ತಿನಿಸಿನತ್ತ ಹೋಗುವ ಮನಸ್ಸಿಲ್ಲದೆ, ಔಷಧ ಕೊಡದಿದ್ದರೆ, ಉಪವಾಸವೇ ಸಾಯುತ್ತಿದ್ದವು. ಬೇಕು ಎಂಬ ಅಗತ್ಯ ಒಂದು, ಎದ್ದು ಹೋಗುವ ಪ್ರೇರಣೆ ಇನ್ನೊಂದು. ದೇಹದಲ್ಲಿ ಅವೆರಡಕ್ಕೂ ಬೇರೆ ಬೇರೆ ವ್ಯವಸ್ಥೆ.

ಹಾಗಾದರೆ ಹಸಿವು ತಿಂಗಳುಗಟ್ಟಲೆ ಎಳೆದರೆ? ಇದಕ್ಕೆ ಉತ್ತರ ಸಿಕ್ಕಿದ್ದು ಎರಡನೇ ಮಹಾಯುದ್ಧದ ಕೊನೆಯಲ್ಲಿ, ಮಿನೆಸೋಟಾ ವಿಶ್ವವಿದ್ಯಾಲಯದ ಕ್ರೀಡಾಂಗಣದ ಕೆಳಗಿನ ಕೋಣೆಗಳಲ್ಲಿ. ಯುದ್ಧದಲ್ಲಿ ಆಯುಧ ಹಿಡಿಯಲೊಪ್ಪದ 36 ಯುವಕರು ತಾವಾಗಿ ಮುಂದೆ ಬಂದು ಆನ್ಸೆಲ್ ಕೀಸ್ ಅವರ ಪ್ರಯೋಗಕ್ಕೆ ಮೈಯೊಡ್ಡಿದರು. 24 ವಾರ ಅವರಿಗೆ ದಿನಕ್ಕೆ ಸರಾಸರಿ 1,570 ಕ್ಯಾಲೊರಿಯಷ್ಟೇ ಊಟ, ವಾರಕ್ಕೆ ಸುಮಾರು 35 ಕಿಲೋಮೀಟರ್ ನಡಿಗೆ. ಮೈತೂಕದಲ್ಲಿ ಕಾಲುಭಾಗ ಕರಗಿತು. ಸುಮ್ಮನೆ ಮಲಗಿದ್ದಾಗ ದೇಹ ಸುಡುವ ಶಕ್ತಿ ಸುಮಾರು ಶೇ. 40ರಷ್ಟು ಇಳಿಯಿತು. ನಾಡಿ ನಿಧಾನವಾಯಿತು, ಬೇಸಗೆಯಲ್ಲೂ ಚಳಿ. ನಗು, ಹರಟೆ, ಹೆಣ್ಣಿನ ಆಸೆ ಒಂದೊಂದಾಗಿ ಬಿಟ್ಟುಹೋದವು. ತಟ್ಟೆ ನೆಕ್ಕುವುದು, ಅಡುಗೆ ಪುಸ್ತಕ ಕೂಡಿಡುವುದು, ಊಟದ್ದೇ ಕನಸು. ಸಣ್ಣ ಮಾತಿಗೂ ಸಿಟ್ಟು, ಆಮೇಲೆ ಯಾವುದಕ್ಕೂ ಸಿಟ್ಟೂ ಇಲ್ಲ. ನನ್ನನ್ನು ಬಹಳ ಕಾಡಿದ ಸಂಗತಿ ಬೇರೆಯೇ ಇದೆ: ಬುದ್ಧಿ ಅಳೆಯುವ ಪರೀಕ್ಷೆಗಳಲ್ಲಿ ಅವರ ಅಂಕ ಕುಸಿಯಲಿಲ್ಲ. ತಲೆ ಕೆಲಸ ಮಾಡುತ್ತಿತ್ತು. ಏನನ್ನಾದರೂ ಮಾಡಬೇಕೆಂಬ ಮನಸ್ಸು ಹೋಗಿತ್ತು.

ಈಗ ಟೆಂಪಲ್ಲರ ಒಂದು ರತ್ತಲಿಗೆ ಮರಳೋಣ. 450 ಗ್ರಾಂ ಜೋಳದಲ್ಲಿರುವುದು ಸುಮಾರು 1,500 ಕ್ಯಾಲೊರಿ. ಉಪ್ಪು, ಖಾರ, ಬೇಳೆ, ಎಣ್ಣೆ ಎಲ್ಲವೂ ಬರಗಾಲದ ಬೆಲೆಯಲ್ಲಿ ಆ ಒಂದಾಣೆಯೊಳಗೇ ಆಗಬೇಕು. ಮಿನೆಸೋಟಾದ ಯುವಕರಿಗೆ ವೈದ್ಯರಿದ್ದರು, ಹಾಸಿಗೆಯಿತ್ತು, ಪ್ರಯೋಗ ಮುಗಿಯುವ ದಿನ ಗೊತ್ತಿತ್ತು. ಕಲಾದಗಿಯ ಕೂಲಿಯವನು ಹೆಚ್ಚುಕಡಿಮೆ ಅಷ್ಟೇ ಕ್ಯಾಲೊರಿಯಲ್ಲಿ ಬಿಸಿಲಲ್ಲಿ ಕಲ್ಲು ಒಡೆಯಬೇಕಿತ್ತು, ಅದೂ ಮೊದಲೇ ಸೊರಗಿದ ಮೈಯಲ್ಲಿ. ಅಂಥವನು ಸುತ್ತಿಗೆ ಕೆಳಗಿಟ್ಟು ಕೂತರೆ ಮೇಲ್ವಿಚಾರಕನ ಕಣ್ಣಿಗೆ ಸೋಮಾರಿ. ದೇಹವೋ, ಇದ್ದ ಚೂರು ಶಕ್ತಿಯನ್ನು ಹೃದಯಕ್ಕೆ, ಮಿದುಳಿಗೆ ಉಳಿಸಿಕೊಳ್ಳುತ್ತಿತ್ತು.

ಹಸಿವಿನ ಜೊತೆಗೇ ಒತ್ತಡ. ಥಟ್ಟನೆ ಬಂದ ಆಘಾತಕ್ಕೆ ಅಡ್ರಿನಲಿನ್ ಏರಿ ಹಸಿವನ್ನು ಅದುಮುತ್ತದೆ. ಮನೆಯಲ್ಲಿ ಕೆಟ್ಟ ಸುದ್ದಿ ಬಂದ ದಿನ ರೊಟ್ಟಿ ಗಂಟಲಲ್ಲಿ ಇಳಿಯದಿರುವುದು ಇದರಿಂದ. ಚಿಂತೆ ತಿಂಗಳುಗಟ್ಟಲೆ ಮುಂದುವರಿದರೆ ಕಾರ್ಟಿಸಾಲ್ ಮೇಲಾಗಿ ನಿಲ್ಲುತ್ತದೆ. ಉಣ್ಣಲು ಇದ್ದವರಲ್ಲಿ ಅದು ಸಿಹಿಯ, ಜಿಡ್ಡಿನ ಬಯಕೆ ಹೆಚ್ಚಿಸುತ್ತದೆ. ಉಣ್ಣಲು ಇಲ್ಲದವರಲ್ಲಿ ಅದೇ ಹಾರ್ಮೋನು ಸ್ನಾಯುಗಳನ್ನು ಕರಗಿಸಿ ಸಕ್ಕರೆಯಾಗಿ ಮಾರ್ಪಡಿಸಲು ನೆರವಾಗುತ್ತದೆ. ದೀರ್ಘ ಉಪವಾಸವನ್ನು ದೇಹ ಒತ್ತಡವೆಂದೇ ಎಣಿಸುತ್ತದೆ.

ಹೊಟ್ಟೆ ತುಂಬಿದ್ದರೂ ಹಣದ ಕೊರತೆ ಮನಸ್ಸನ್ನು ಹಿಡಿದಿಡಬಹುದೇ? ಭೀಮಾ ದಂಡೆಯ ಕಬ್ಬು ಬೆಳೆಗಾರರಿಗೆ ಹತ್ತಿರದ ಪ್ರಶ್ನೆ ಇದು. ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್ ಮತ್ತು ಸಂಗಡಿಗರು ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮುಂಚೆ ಒಮ್ಮೆ, ದುಡ್ಡು ಕೈಸೇರಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದೇ ರೈತ ಕೈಯಲ್ಲಿ ಕಾಸಿಲ್ಲದಾಗ ತರ್ಕದ ಒಗಟುಗಳಲ್ಲಿ ಹಿಂದೆ ಬೀಳುತ್ತಿದ್ದ. ಊಟದ ವ್ಯತ್ಯಾಸದಿಂದ ಇದನ್ನು ವಿವರಿಸಲಾಗದು ಎಂದು ಅವರು ತೋರಿಸಿದರು. ಸಾಲ, ಬಡ್ಡಿ, ಬಿಲ್ಲು ಯಾವಾಗ ಬಂದೀತೆಂಬ ಯೋಚನೆಯೇ ತಲೆಯ ಜಾಗ ತಿನ್ನುತ್ತದೆಂಬುದು ಅವರ ವಾದ. ಅಮೆರಿಕದಲ್ಲಿ ಸಂಬಳದ ದಿನದ ಹಿಂದೆ ಮುಂದೆ ನಡೆದ ಇನ್ನೊಂದು ಅಧ್ಯಯನದಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ, ಆದ್ದರಿಂದ ಚರ್ಚೆ ಮುಗಿದಿಲ್ಲ. ವರ್ಷಕ್ಕೊಮ್ಮೆ ದುಡ್ಡು ಕಾಣುವ ರೈತನನ್ನೂ ತಿಂಗಳ ಸಂಬಳದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ ಎಂದು ನನಗನ್ನಿಸುತ್ತದೆ.

1876ರ ಬರದ ಪಾಠದಿಂದ ಕ್ಷಾಮ ಆಯೋಗ ಬಂತು, ಕ್ಷಾಮ ಸಂಹಿತೆ ಬಂತು, 1880ರ ದಶಕದಲ್ಲಿ ಇಂಡಿ ರೋಡ್ ಹಾದು ಹೋಗುವ ಹೋಟಗಿ–ಗದಗ ರೈಲೂ ಬಂತು. ಈಗ ಆಲಮಟ್ಟಿಯ ನೀರು ಬಂದಿದೆ, ಹೆಣ ಬೀಳುವ ಬರ ಇಲ್ಲ. ಉಳಿದಿರುವುದು ಮಕ್ಕಳ ಅರೆಹೊಟ್ಟೆ. 2002ರಲ್ಲಿ ರಾಜ್ಯದ ಬಿಸಿಯೂಟ ಮೊದಲು ಶುರುವಾದ ಜಿಲ್ಲೆಗಳಲ್ಲಿ ಬಿಜಾಪುರವೂ (ಈಗಿನ ವಿಜಯಪುರ) ಇತ್ತು. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು ಸೇರಿತು, 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಜೊತೆ ವಿಜಯಪುರದ ಶಾಲೆಗಳಲ್ಲೂ ಮೊಟ್ಟೆ ಕೊಡಲು ತೊಡಗಿದರು. ನಸುಕಿನಲ್ಲೇ ತಾಯಿ ಕೂಲಿಗೆ ಹೋಗುವ ಮನೆಯ ಮಗುವಿಗೆ ಮುಂಜಾನೆಯ ಆ ಹಾಲು ದೊಡ್ಡದು, ಏಕೆಂದರೆ ಗಣಿತದ ಪಾಠ ಬಿಸಿಯೂಟದ ಗಂಟೆಗಾಗಿ ಕಾಯುವುದಿಲ್ಲ.

ಆದರೆ ದೀಪಾವಳಿ ಹೊತ್ತಿಗೆ ತಾಂಡಾಗಳಿಂದ, ಒಣಬೇಸಾಯದ ಊರುಗಳಿಂದ ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಗುಳೆ ಹೊರಡುತ್ತದೆ. ಅಪ್ಪ ಅವ್ವನ ಜೊತೆ ಹೋದ ಮಗುವಿಗೆ ಹಾಲು, ಮೊಟ್ಟೆ, ಬಿಸಿಯೂಟ ಮೂರೂ ತಪ್ಪುತ್ತವೆ; ಅಜ್ಜಿಯ ಹತ್ತಿರ ಉಳಿದ ಮಗುವಿಗೆ ಅವು ಸಿಗುತ್ತವೆ. ಗುಳೆಯ ಊರುಗಳಲ್ಲಿ ಇಂಥ ಮಕ್ಕಳಿಗೆ ಹಂಗಾಮು ಮುಗಿಯುವ ತನಕ ವಸತಿ, ಮೂರು ಹೊತ್ತಿನ ಊಟ ಬೇಕು. ಅದು ಟ್ರ್ಯಾಕ್ಟರ್ ಹೊರಡುವ ಮೊದಲೇ ತೆರೆದಿರಬೇಕು. ಮಗುವನ್ನು ಕರೆದೊಯ್ಯುವುದೋ ಬಿಡುವುದೋ ಎಂದು ತಾಯಿ ತೀರ್ಮಾನಿಸುವುದು ಗಂಟು ಕಟ್ಟುವ ಆ ವಾರದಲ್ಲೇ.