ಸುತ್ತುವ ತಟ್ಟೆಯ ಸುಶಿ

ಜಪಾನಿನ ಹಳೆಯ ಸುಶಿ ಅಂಗಡಿಗಳಲ್ಲಿ ಎಷ್ಟೋ ಕಡೆ ಬೆಲೆಯನ್ನೇ ಬರೆದಿರುತ್ತಿರಲಿಲ್ಲ. ಮಕ್ಕಳು ಮರಿ ಕಟ್ಟಿಕೊಂಡು ಒಳಹೋಗಲು ಸಂಸಾರಸ್ಥರಿಗೆ ಅಂಜಿಕೆ. ಅದನ್ನು ಕಳೆದವರು ಒಸಾಕಾ ಪ್ರಾಂತ್ಯದ ಯೊಶಿಯಾಕಿ ಶಿರಾಯಿಶಿ. ಬಿಯರ್ ಕಾರ್ಖಾನೆಯ ಬೆಲ್ಟಿನ ಮೇಲೆ ಬಾಟಲಿಗಳು ಸಾಗುವುದನ್ನು ಕಂಡಿದ್ದ ಅವರು, 1958ರಲ್ಲಿ ಅದೇ ರೀತಿ ಸುಶಿ ತಟ್ಟೆಗಳನ್ನು ಗಿರಾಕಿಗಳ ಮುಂದೆ ಹರಿಯಬಿಟ್ಟರು. ವೇಗ ಸೆಕೆಂಡಿಗೆ 8 ಸೆಂಟಿಮೀಟರ್. ಜೋರಾದರೆ ಕೈಗೆ ಸಿಗದು, ನಿಧಾನವಾದರೆ ಹಸಿದವರಿಗೆ ತಾಳ್ಮೆ ಎಲ್ಲಿಯದು? ಬೇಕಾದ ತಟ್ಟೆ ಎತ್ತಿಕೊಳ್ಳುವುದು, ಕೊನೆಗೆ ಖಾಲಿ ತಟ್ಟೆಗಳನ್ನೆಣಿಸಿ ಹಣ ಕೊಡುವುದು. ಭಾನುವಾರದ ಊಟಕ್ಕೆ ಅಜ್ಜಿ, ಮೊಮ್ಮಕ್ಕಳು ಒಟ್ಟಿಗೆ ಬರತೊಡಗಿದರು.

ಆದರೆ ತೆರೆದ ತಟ್ಟೆ ನಡೆಯುವುದು ಪರಸ್ಪರ ನಂಬಿಕೆಯ ಮೇಲೆ. 2023ರಲ್ಲಿ ಹುಡುಗನೊಬ್ಬ ಮೇಜಿನ ಸೋಯಾ ಸಾಸ್ ಸೀಸೆಯನ್ನು ನೆಕ್ಕಿದ ವಿಡಿಯೊ ಹರಡಿತು. ಹಲವು ಅಂಗಡಿಗಳು ತಟ್ಟೆ ಸುತ್ತಿಸುವುದನ್ನೇ ನಿಲ್ಲಿಸಿದವು. ಅಲ್ಲೀಗ ಪರದೆ ಮುಟ್ಟಿ ಕೇಳಿದ ತಿನಿಸಷ್ಟೇ ನೇರ ಮೇಜಿಗೆ ಬರುತ್ತದೆ. ಮುಂದಿನ ತಟ್ಟೆಯಲ್ಲೇನಿದೆಯೋ ಎಂದು ಕತ್ತು ಚಾಚುವ ಮಕ್ಕಳ ಸಂಭ್ರಮ ಮಾತ್ರ ಇಲ್ಲ.