ಬೀಸುವ ಗಾಳಿಯ ಒತ್ತಡವನ್ನು ಅಳೆಯುವುದು ಹೇಗೆ?

ಗಾಳಿಗೆ ಎದುರಾಗಿ ಬೈಸಿಕಲ್ ತುಳಿಯುವಾಗ ಕಿವಿಯಲ್ಲಿ ಭೋರೆಂಬ ಸದ್ದಾಗುವುದು ಎಲ್ಲರ ಅನುಭವಕ್ಕೂ ಬಂದಿರುವ ಸಂಗತಿ. ಈ ಸದ್ದನ್ನು ಮಾಡುವ ವಸ್ತು ದೂರದಲ್ಲೆಲ್ಲಿಯೂ ಇಲ್ಲ. ಕಿವಿಯ ಬಳಿ ಹಾಯುವ ಗಾಳಿಯು ಸುಳಿಸುಳಿಯಾಗಿ ಒಡೆದು, ಕಿವಿಯ ತಮಟೆಯ ಮೇಲಣ ಒತ್ತಡವನ್ನು ಕ್ಷಣಕ್ಷಣಕ್ಕೂ ಹೆಚ್ಚುಕಡಿಮೆ ಮಾಡುವುದರಿಂದಲೇ ಅದು ಉಂಟಾಗುತ್ತದೆ. ವಿಮಾನದ ಮೈಮೇಲೆ ನಡೆಯುವುದೂ ಇದೇ. ಅದರ ತೆಳುವಾದ ಲೋಹದ ಹೊದಿಕೆ ಈ ಏರಿಳಿತಕ್ಕೆ ಸಿಕ್ಕಿ ಕಂಪಿಸುತ್ತದೆ. ಒಳಗೆ ಕುಳಿತವರಿಗೆ ಸದ್ದು ಕೇಳಿಸುತ್ತದೆ. ಬಲವಾದ ಕಂಪನ ಬಹುಕಾಲ ನಡೆದರೆ ಲೋಹವು ದಣಿದು ಬಿರುಕು ಬಿಡಲೂಬಹುದು. ಆದುದರಿಂದ ವಿಮಾನವನ್ನು ರೂಪಿಸುವ ಎಂಜಿನಿಯರಿಗೆ ಈ ಏರಿಳಿತದ ಅಳತೆ ಅವಶ್ಯಕ.

ಪ್ರವಾಹವು ಕೆಲವೊಮ್ಮೆ ಪದರಪದರವಾಗಿ ಶಾಂತವಾಗಿಯೂ, ಕೆಲವೊಮ್ಮೆ ಸುಳಿಗಳಿಂದ ಕೂಡಿ ಪ್ರಕ್ಷುಬ್ಧವಾಗಿಯೂ ಇರುವುದೆಂದು ಆಸ್ಬರ್ನ್ ರೆನಾಲ್ಡ್ಸ್ 1883ರಲ್ಲಿ, ಗಾಜಿನ ಕೊಳವೆಯಲ್ಲಿ ಹರಿಯುವ ನೀರಿಗೆ ಬಣ್ಣ ಬಿಟ್ಟು ತೋರಿಸಿದನು. ಮೇಲ್ಮೈಗೆ ಅಂಟಿದಂತೆ ಹರಿಯುವ ತೆಳುಪದರದ ಮಹತ್ತ್ವವನ್ನು 1904ರಲ್ಲಿ ಜರ್ಮನಿಯ ಪ್ರಾಂಟ್ಲ್ ವಿವರಿಸಿದನು. ಇದಕ್ಕೆ ಸೀಮಾಸ್ತರವೆಂದು ಹೆಸರು. ಈ ಸ್ತರದಲ್ಲಿ ಹುಟ್ಟುವ ಸುಳಿಗಳೇ ಮೇಲ್ಮೈಯನ್ನು ಬಡಿಯುತ್ತವೆ.

ಬಡಿತವಾದರೋ ಬಹಳ ಅಲ್ಪ. ವಾಯುಸುರಂಗದಲ್ಲಿ ಗಾಳಿಯು ಸೆಕೆಂಡಿಗೆ 40 ಮೀಟರ್ ವೇಗದಿಂದ ಹರಿಯುತ್ತಿದೆ ಎನ್ನೋಣ. ನುಣುಪಾದ ಗೋಡೆಯ ಮೇಲೆ ಒತ್ತಡದ ಏರಿಳಿತವು ಹೆಚ್ಚೆಂದರೆ 10 ಪ್ಯಾಸ್ಕಲಿನ ಆಸುಪಾಸಿನಲ್ಲಿರುತ್ತದೆ. ವಾತಾವರಣದ ಒತ್ತಡವು ಸುಮಾರು 1,00,000 ಪ್ಯಾಸ್ಕಲ್. ಅದರ ಹತ್ತು ಸಾವಿರದಲ್ಲೊಂದು ಪಾಲನ್ನು ನಾವು ಹಿಡಿಯಬೇಕು. ಅದೂ ಸೆಕೆಂಡಿಗೆ ಸಾವಿರಾರು ಸಲ ಬದಲಾಗುತ್ತಿರುತ್ತದೆ. ಪ್ರಯೋಗಶಾಲೆಯ ಗಾಜಿನ ನಳಿಗೆಯಲ್ಲಿರುವ ದ್ರವವು ಈ ವೇಗಕ್ಕೆ ಸ್ಪಂದಿಸಲಾರದೆ ಸರಾಸರಿಯನ್ನು ಮಾತ್ರ ತೋರಿಸುತ್ತದೆ. ಆದುದರಿಂದ ಮೈಕ್ರೊಫೋನನ್ನೇ ಗೋಡೆಯಲ್ಲಿ ಹುದುಗಿಸುತ್ತಾರೆ. ಅದು ಗೋಡೆಯ ಮಟ್ಟಕ್ಕೆ ಸರಿಯಾಗಿ ಕುಳಿತಿರಬೇಕು. ಕೊಂಚ ಹೊರಚಾಚಿದರೂ ತಾನೇ ಹೊಸ ಸುಳಿಗಳನ್ನು ಹುಟ್ಟಿಸುತ್ತದೆ.

ಇಷ್ಟಾದರೂ ಅಳತೆ ಸರಿಯಾಯಿತೆಂದು ಹೇಳುವಂತಿಲ್ಲ. ಕೆರೆಯ ಮೇಲೆ ಸಣ್ಣ ಅಲೆಗಳೆದ್ದಾಗ ತರಗೆಲೆಯು ಪ್ರತಿಯೊಂದು ಅಲೆಗೂ ಏಳುತ್ತದೆ, ಬೀಳುತ್ತದೆ. ಹರಿಗೋಲಾದರೋ ಅಲುಗುವುದೇ ಇಲ್ಲ. ಮೈಕ್ರೊಫೋನಿನ ಮುಖವು 12 ಮಿಲಿಮೀಟರ್ ಅಗಲವಾಗಿದ್ದು, ಸುಳಿಗಳು 8 ಮಿಲಿಮೀಟರಿಗೊಂದರಂತೆ ಸಾಗುತ್ತಿದ್ದರೆ, ಏರಿದ ಒತ್ತಡವೂ ಇಳಿದ ಒತ್ತಡವೂ ಒಂದೇ ಕಾಲಕ್ಕೆ ಅದರ ಮೇಲೆ ಬಿದ್ದು ಬಹುಮಟ್ಟಿಗೆ ಒಂದನ್ನೊಂದು ಅಳಿಸಿಬಿಡುತ್ತವೆ. ಹೀಗೆ ನಷ್ಟವಾಗುವ ಪಾಲನ್ನು ಲೆಕ್ಕಹಾಕುವ ಕ್ರಮವನ್ನು ಕಾರ್ಕೋಸ್ ಎಂಬ ವಿಜ್ಞಾನಿ 1963ರಲ್ಲಿ ಪ್ರಕಟಿಸಿದನು.

ಇನ್ನೊಂದು ಉಪಾಯವೂ ಉಂಟು. ಗೋಡೆಯಲ್ಲಿ ಒಂದು ಮಿಲಿಮೀಟರಿಗಿಂತ ಕಿರಿದಾದ ರಂಧ್ರವನ್ನು ಕೊರೆದು, ಮೈಕ್ರೊಫೋನನ್ನು ಅದರ ಹಿಂದೆ ಇಡುವುದು. ಆದರೆ ಖಾಲಿ ಸೀಸೆಯ ಬಾಯಿಯ ಮೇಲೆ ಊದಿದರೆ ಸೀಸೆ ತನ್ನದೇ ಸ್ವರದಲ್ಲಿ ನುಡಿಯುವಂತೆ, ರಂಧ್ರದ ಹಿಂದಣ ಗಾಳಿಯೂ ನುಡಿಯುತ್ತದೆ. ಆ ಎಡೆಯನ್ನು ಆದಷ್ಟು ಕಿರಿದುಮಾಡಿ, ಅದರ ಸ್ವರವು ನಾವು ಅಳೆಯಬೇಕಾದ ಕಂಪನಗಳಿಗಿಂತ ಮೇಲಿರುವಂತೆ ನೋಡಿಕೊಳ್ಳಬೇಕು.

ಸುರಂಗದ ಪಂಖದ ಸದ್ದೂ ಮೈಕ್ರೊಫೋನನ್ನು ಸೇರುತ್ತದೆಯಲ್ಲವೆ? ಇದನ್ನು ಬೇರ್ಪಡಿಸಲು, ಗಾಳಿ ಹರಿಯುವ ದಿಕ್ಕಿನಲ್ಲಿ ಒಂದರ ಮುಂದೆ ಒಂದರಂತೆ ಎರಡು ಮೈಕ್ರೊಫೋನುಗಳನ್ನು ಇಡುತ್ತಾರೆ. ಅವುಗಳ ಅಂತರ 32 ಮಿಲಿಮೀಟರ್ ಇರಲಿ. ಸುಳಿಗಳು ಗಾಳಿಯ ವೇಗದ ಸುಮಾರು ಐದರಲ್ಲಿ ನಾಲ್ಕು ಪಾಲು ವೇಗದಿಂದ, ಎಂದರೆ ಸೆಕೆಂಡಿಗೆ 32 ಮೀಟರಿನಂತೆ ಸಾಗಿ, ಎರಡನೆಯದನ್ನು ಮುಟ್ಟಲು ಸಾವಿರದಲ್ಲೊಂದು ಸೆಕೆಂಡು ಹಿಡಿಯುತ್ತದೆ. ಶಬ್ದಕ್ಕಾದರೆ ಅದರ ಹತ್ತನೆಯ ಒಂದು ಪಾಲು ಸಾಕು. ಎರಡು ದಾಖಲೆಗಳನ್ನು ಹೋಲಿಸಿದರೆ, ತಡವಾಗಿ ಬಂದದ್ದು ಸುಳಿ, ಬೇಗ ಬಂದದ್ದು ಸದ್ದು ಎಂದು ತಿಳಿಯುತ್ತದೆ.

ಉಪಕರಣದ ಮುಳ್ಳು ಅಲುಗದಿದ್ದರೆ ಅಲ್ಲಿ ಏನೂ ಇಲ್ಲವೆಂದು ಬರೆದುಕೊಳ್ಳುವುದು ಸುಲಭ. ಹರಿಗೋಲು ಅಲುಗಲಿಲ್ಲವೆಂದ ಮಾತ್ರಕ್ಕೆ ಕೆರೆಯಲ್ಲಿ ಅಲೆಗಳಿಲ್ಲವೆಂದು ಹೇಳಬಹುದೆ? ಅಳತೆ ಮಾಡುವವನು ಮೊದಲು ತನ್ನ ಉಪಕರಣವನ್ನೇ ಅಳೆದು ನೋಡಬೇಕು.