ಧ್ವನಿಯ ತೂಬು ಯಾರ ಕೈಯಲ್ಲಿರಬೇಕು?

ರೇಡಿಯೋ ಪೆಟ್ಟಿಗೆಯ ಗುಂಡಿಯನ್ನು ತಿರುಗಿಸಿ ಸದ್ದನ್ನು ಹೆಚ್ಚು ಕಡಮೆ ಮಾಡುವುದು ನಿಮಗೆ ಹೊಸದಲ್ಲ. 1935ರಲ್ಲಿ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದ ಕಾಲಕ್ಕೂ ಇಂದಿಗೂ ಕಟ್ಟಳೆ ಒಂದೇ: ಹಾಡುಗಾರನ ಕಂಠಕ್ಕೂ ಪಕ್ಕವಾದ್ಯಕ್ಕೂ ಇರಬೇಕಾದ ಪ್ರಮಾಣವನ್ನು ನಿಲಯದವರು ನೋಡಿಕೊಳ್ಳುತ್ತಾರೆ, ಮನೆಯಲ್ಲಿ ಸದ್ದೆಷ್ಟಿರಬೇಕೆಂಬುದು ಮನೆಯವರ ಅಧೀನ. ಯಾವ ಭಾಷಣಕಾರನೂ ನಿಮ್ಮ ಪಡಸಾಲೆಗೆ ಕೈನೀಡಿ ಗುಂಡಿಯನ್ನು ತಿರುಗಿಸಲಾರ.

ಲ್ಯಾಪ್‌ಟಾಪಿನಲ್ಲಿ ಸಂಗತಿ ಇಷ್ಟು ಸರಳವಲ್ಲ. ಕೀಲಿಮಣೆಯಲ್ಲಿ ಧ್ವನಿಯನ್ನು ಏರಿಸಲು, ಇಳಿಸಲು, ಅಡಗಿಸಲು ಮೂರು ಕೀಲಿಗಳಿರುತ್ತವೆ. ('ವಾಲ್ಯೂಮ್' ಎಂಬುದನ್ನು ಇಲ್ಲಿಯೂ 'ಗಾತ್ರ'ವೆಂದು ಅನುವಾದಿಸುವವರಿದ್ದಾರೆ, ಧ್ವನಿಯ ಏರಿಳಿತವೆಂದರೆ ಸಾಕು.) ಸಾಲದುದಕ್ಕೆ ಚಿತ್ರ ತೋರಿಸುವ ತಂತ್ರಾಂಶ, ಹಾಡು ನುಡಿಸುವ ತಂತ್ರಾಂಶ ಒಂದೊಂದೂ ತನ್ನದೇ ಪಟ್ಟಿಯೊಂದನ್ನು ತೆರೆಯ ಮೇಲೆ ಇಟ್ಟುಕೊಂಡಿರುತ್ತದೆ. ಕೀಲಿಯನ್ನೊತ್ತಿದಾಗ ಕದಲಬೇಕಾದುದು ಯಾವುದು?

ನಮ್ಮ ತೊಣ್ಣೂರಿನ ಕೆರೆಯನ್ನೇ ನೋಡಿ. ತಿರುಮಲಸಾಗರವೆಂದೂ ಮೋತಿ ತಲಾಬ್ ಎಂದೂ ಹೆಸರಾದ ಇಂಥ ಕೆರೆಯ ನೀರು ಗದ್ದೆಗೆ ಬರಬೇಕಾದರೆ ಮೊದಲು ಏರಿಯ ತೂಬು ತೆರೆಯಬೇಕು. ಆಮೇಲೆ ರೈತ ಕಾಲುವೆಯಿಂದ ತನ್ನ ಗದ್ದೆಯ ಮಡೆಯನ್ನು ಬಿಡಿಸಿಕೊಳ್ಳಬೇಕು. ಎರಡರಲ್ಲೊಂದು ಮುಚ್ಚಿದ್ದರೂ ಪೈರಿಗೆ ನೀರಿಲ್ಲ. ಯಂತ್ರದ ಒಟ್ಟು ಧ್ವನಿಯೇ ತೂಬು, ತಂತ್ರಾಂಶದ ಪಟ್ಟಿಯೇ ಮಡೆ. ಕೀಲಿಗಳು ತೂಬಿಗೆ ಸೇರಿದುವು. ಎದುರಿಗೆ ಯಾವ ಕಿಟಕಿ ತೆರೆದಿದ್ದರೂ ಅವು ಇಡೀ ಯಂತ್ರದ ಧ್ವನಿಯನ್ನೇ ಏರಿಸಿ ಇಳಿಸಬೇಕು. ತಂತ್ರಾಂಶವಾದರೋ ತನ್ನ ಮಡೆಯನ್ನು ಬಿಟ್ಟು ತೂಬಿಗೆ ಕೈಹಾಕಕೂಡದು. ತನ್ನ ಗದ್ದೆಗೆ ಸಾಕಾಯಿತೆಂದು ಒಬ್ಬನು ತೂಬನ್ನೇ ಮುಚ್ಚಿ ಹೋದರೆ ಕೆಳಗಿನವರ ಗತಿಯೇನು?

ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ ಹೀಗಾಗುತ್ತಿದ್ದುದುಂಟು. ಒಂದು ತಂತ್ರಾಂಶ ತನ್ನ ಪಟ್ಟಿಯನ್ನು ಇಳಿಸಿದರೆ ಮಿಕ್ಕವುಗಳ ದನಿಯೂ ಇಳಿಯಬಹುದಾಗಿತ್ತು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾ ಒಂದೊಂದಕ್ಕೂ ಬೇರೆ ಪಟ್ಟಿಯನ್ನು ಕೊಟ್ಟಿತು.

ಇದು ಬರಿಯ ಅನುಕೂಲದ ಮಾತೆಂದು ಭಾವಿಸಬೇಡಿ. ದೃಷ್ಟಿಯಿಲ್ಲದವರು ತೆರೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶದ ನೆರವಿನಿಂದ ಗಣಕಯಂತ್ರವನ್ನು ಬಳಸುತ್ತಾರೆ. ಉಚಿತವಾಗಿ ದೊರೆಯುವ ಎನ್‌ವಿಡಿಎ ಅಂಥದೊಂದು; ಅದು ಕನ್ನಡವನ್ನೂ ಓದುತ್ತದೆ. ಹಾಡಿನ ತಂತ್ರಾಂಶ ಇಡೀ ಯಂತ್ರದ ಸದ್ದನ್ನು ಅಡಗಿಸಿತೆನ್ನಿ, ಓದುವ ದನಿಯೂ ಅಡಗುತ್ತದೆ. ಸರಿಪಡಿಸುವ ಪಟ್ಟಿ ತೆರೆಯ ಮೇಲೆ ಎಲ್ಲಿದೆಯೆಂದು ಹೇಳುವವರೇ ಇಲ್ಲ! ಆಗ ಬೆರಳಿಗೆ ಸಿಗುವುದು ಆ ಕೀಲಿಯೊಂದೇ. ಅದನ್ನೂ ಎದುರಿನ ಕಿಟಕಿ ಕಸಿದುಕೊಂಡಿದ್ದರೆ ಅವರು ಮಾಡುವುದೇನು?

ಇನ್ನು ಮೆಟ್ಟಿಲುಗಳ ಮಾತು. ವಿಂಡೋಸಿನಲ್ಲಿ ಸಾಮಾನ್ಯವಾಗಿ ಒಂದೊತ್ತಿಗೆ 100ರಲ್ಲಿ 2 ಅಂಶ ಕದಲುತ್ತದೆ. ಮ್ಯಾಕಿನಲ್ಲಿ ಒಟ್ಟು 16 ಮೆಟ್ಟಿಲು. ಧ್ವನಿಯ ಶಕ್ತಿ 10 ಪಟ್ಟಾದಾಗ ಕಿವಿಗೆ ಅದು ಸುಮಾರು 2 ಪಟ್ಟೆಂದು ತೋರುತ್ತದೆಯಾದ್ದರಿಂದ, ಮೆಟ್ಟಿಲುಗಳನ್ನು ವಿದ್ಯುತ್ತಿನ ಲೆಕ್ಕಕ್ಕಲ್ಲ, ಕಿವಿಯ ಲೆಕ್ಕಕ್ಕೆ ಕಟ್ಟಬೇಕು. ಇಲ್ಲವಾದರೆ ಮಗು ಮಲಗಿರುವ ರಾತ್ರಿಯಲ್ಲಿ ಒಂದೊತ್ತು ಕಡಮೆ, ಇನ್ನೊಂದೊತ್ತು ಅತಿ.

ನಿಮ್ಮ ಯಂತ್ರದಲ್ಲಿ ಸದ್ದೇ ಕೇಳಿಸದಿದ್ದರೆ ಮೊದಲು ಕೀಲಿಯನ್ನೊತ್ತಿ ತೂಬನ್ನು ಪರೀಕ್ಷಿಸಿ, ಅನಂತರ ತಂತ್ರಾಂಶದ ಪಟ್ಟಿಯನ್ನು ನೋಡಿ. ವಿಂಡೋಸ್ ಇದ್ದಲ್ಲಿ, ತೆರೆಯ ಬಲಗಡೆಯ ಕೆಳಮೂಲೆಯಲ್ಲಿರುವ ಧ್ವನಿವರ್ಧಕದ ಚಿತ್ರದ ಮೇಲೆ ಮೌಸಿನ ಬಲಗುಂಡಿಯನ್ನೊತ್ತಿದರೆ ಮಿಕ್ಸರ್ ದೊರೆಯುತ್ತದೆ. ಯಾವ ಮಡೆ ಮುಚ್ಚಿದೆಯೆಂಬುದು ಅಲ್ಲಿ ಕಾಣುತ್ತದೆ.